ಕನ್ನಡಿ ತೊಳೆಯುವವಳ ಮೂರು ನಿಮಿಷ

ನನ್ನ ಹೆಸರು ಕಟ್ರೀನಾ ಸ್ಲಿಂಗರ್ಸ್.
ಕರೂ ಬಯಲಿನ ಗುಡ್ಡದ ಮೇಲೆ
ದೂರದರ್ಶಕದ ಕನ್ನಡಿ ತೊಳೆಯುವುದು ಕೆಲಸ.
ಹತ್ತೊಂಬತ್ತು ವರ್ಷವಾಯಿತು.
ಮೂರು ನಿಮಿಷ ಕೊಟ್ಟಿದ್ದೀರಿ, ಮಾನ್ಯರೇ,
ಅದರಲ್ಲಿ ಅರ್ಧ ನಿಮಿಷ ಈ ಮೈಕು ನುಂಗಿತು.

ತೊಳೆಯುವುದು ಅಂದರೆ ನೀರಲ್ಲಲ್ಲ.
ನಮ್ಮೂರಲ್ಲಿ ಅಷ್ಟು ನೀರಿದ್ದರೆ
ನಿಮ್ಮ ಮುಂದೆ ಆಡುವ ಮಾತೇ ಬೇರೆಯಿರುತ್ತಿತ್ತು.
ಸಿಲಿಂಡರಿನಿಂದ ಒಣ ಹಿಮ ಊದುತ್ತೇನೆ,
ತಾಗಿದ ಕೂಡಲೇ ಅದು ಆವಿ,
ಹೋಗುತ್ತಾ ಧೂಳನ್ನೂ ಕೈಹಿಡಿದು ಕರೆದೊಯ್ಯುತ್ತದೆ.
ಆರು ಮೂಲೆಯ ಅರವತ್ತೊಂದು ತುಂಡು.
ಅರವತ್ತೊಂದನೆಯದು ಮುಗಿಯುವಷ್ಟರಲ್ಲಿ
ಮೊದಲನೆಯದರ ಮೇಲೆ ಮತ್ತೆ
ಕುರಿದಾರಿಯ ಧೂಳು.

ಇದಕ್ಕೆ ಗಿರಾಕಿ ಯಾರು ಹೇಳಿ?
ಒಬ್ಬರು ಬಂದಿದ್ದರು, ವಜ್ರದ ವ್ಯಾಪಾರಿ,
ಒಳ್ಳೆಯವರೇ, ನನಗೊಂದು ಟೊಪ್ಪಿ ಕೊಟ್ಟರು.
ಗುಮ್ಮಟ ಕಟ್ಟಿಸಲು ಸಿದ್ಧ, ಹೆಸರು ಕೆತ್ತಿಸಿದರೆ ಸಾಕಂತೆ.
ಇಪ್ಪತ್ತನೇ ವರ್ಷದ ಗ್ರೀಸಿಗೆ,
ಸವೆದುಹೋದ ಬೋಲ್ಟಿಗೆ,
ಜುಲೈ ತಿಂಗಳ ಹದಿನಾಲ್ಕು ಮೋಡದ ರಾತ್ರಿಗಳಿಗೆ
ಹೆಸರು ಕೆತ್ತುವುದೆಲ್ಲಿ?
ಟೀ ಕುಡಿದು ಹೋದರು.

ನೀವು ಹಣ ನಿಲ್ಲಿಸಿದರೆ ಬೆಳಕು ನಿಲ್ಲುವುದಿಲ್ಲ.
ನಮ್ಮ ಕುಲವೇ ಹುಟ್ಟದ ಕಾಲಕ್ಕೆ ಹೊರಟದ್ದು,
ಬೀಗ ಹಾಕಿದ ಮನೆಗೆ ಬಂದ ನೆಂಟನ ಹಾಗೆ
ಹಿಂತಿರುಗಲೂ ತಿಳಿಯದೆ
ತಗಡಿನ ಮೇಲೆ ಬಿದ್ದು ಸಾಯುತ್ತದೆ.
ಈಗ ಹಾಗಲ್ಲ, ಸಿಕ್ಕಿದ್ದನ್ನೆಲ್ಲ ತುಂಬಿಡುತ್ತೇವೆ,
ಇನ್ನೂ ಹುಟ್ಟದ ಹುಡುಗಿಯೊಬ್ಬಳು
ಕೇಳಬಹುದಾದ ಪ್ರಶ್ನೆಗೆ.

ಅಂಗಡಿಯವನು ನಾಳೆಯವರೆಗೆ ಸಾಲ ಕೊಟ್ಟಾನು.
ನಲವತ್ತು ವರ್ಷದಾಚೆಗೆ ಕೊಡುವವರು
ಸರ್ಕಾರ, ಇಲ್ಲವೇ ಅಜ್ಜಿಯರು.
ನಮ್ಮ ಅಜ್ಜಿ ಹೇಳುತ್ತಿದ್ದಳು:
ಹಿಂದೆ ಒಬ್ಬ ಹುಡುಗಿ ಒಲೆಯ ಬೂದಿ ಬಾಚಿ
ಆಕಾಶಕ್ಕೆ ಎರಚಿದಳಂತೆ,
ಬೇಟೆಗೆ ಹೋದವರು ಕತ್ತಲಲ್ಲಿ ಮನೆ ಸೇರಲಿ ಅಂತ.
ಅದೇ ಆ ಬಿಳಿ ಹಾದಿ.
ಯಾರ ಹತ್ತಿರವೂ ಅವಳು ಕಾಸು ಕೇಳಲಿಲ್ಲ.
ಕೇಳಿದ್ದರೆ, ಕೊಟ್ಟವರಿಗಷ್ಟೇ ಕಾಣುವ ಬೂದಿಯನ್ನು
ಎಲ್ಲಿಂದ ತರುತ್ತಿದ್ದಳು?

ಆಗ ನೊಲಿತಾ ಮಕುಬಾಲೊ ಕೈ ಎತ್ತಿದರು.
"ನನ್ನ ಕ್ಷೇತ್ರದ ಶಾಲೆಯಲ್ಲಿ ಕಕ್ಕಸಿಲ್ಲ, ಗುಂಡಿ ಇದೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ಆ ತಾಯಂದಿರಿಗೆ ನಾನೇನು ಹೇಳಲಿ, ಅಕ್ಕಾ?"

ಅಕ್ಕಾ ಅಂದರಲ್ಲ, ಅದು ನಾಟಿತು.
ನಿರ್ದೇಶಕರು ಉತ್ತರ ಬರೆದುಕೊಟ್ಟಿದ್ದರು:
ಕ್ಯಾಮೆರಾ, ವೈದ್ಯಕೀಯ ಉಪಯೋಗ, ಉದ್ಯೋಗ ಸೃಷ್ಟಿ.
ಚೀಟಿ ಮಡಿಚಿ ಬ್ಯಾಗಿಗೆ ಹಾಕಿದೆ.

ನನ್ನ ಮಗಳೂ ಅಂಥ ಗುಂಡಿಗೇ ಹೋದವಳು, ಮೇಡಂ.
ಶಾಲೆಯ ಮೊದಲ ವಾರ ಪೂರ್ತಿ
ಬಾಗಿಲ ಸಂದಿಯಿಂದ ಅವಳ ಕೈ ಹಿಡಿದು ನಿಂತಿದ್ದೆ.
ಕಕ್ಕಸು ಕಟ್ಟಿ. ಮೊದಲು ಕಟ್ಟಿ.
ಆದರೆ ನಮ್ಮ ಗುಮ್ಮಟ ಮುಚ್ಚಿ ಉಳಿಸಿದ ಹಣ
ಆ ಗುಂಡಿಯ ತನಕ ನಡೆದು ಬರುತ್ತದೆಂದು
ಈ ಕಡತದ ಮೇಲೆ ಬರೆದುಕೊಡುತ್ತೀರಾ?
ಹಿಂದೆ ನಮ್ಮೂರ ಗ್ರಂಥಾಲಯ ಮುಚ್ಚಿದ ಹಣ
ಯಾವ ದಾರಿ ಹಿಡಿಯಿತೋ,
ಇನ್ನೂ ಮನೆ ಸೇರಿಲ್ಲ.

ಗಂಟೆ ಬಾರಿಸಿತು.
ಗುಮಾಸ್ತೆ ಬರೆದುಕೊಂಡದ್ದು: ಪರಿಶೀಲಿಸಲಾಗುವುದು.
ಆ ಪದದ ಧೂಳು ಯಾವ ಹಿಮಕ್ಕೂ ಬಗ್ಗುವುದಲ್ಲ.
ಮಕುಬಾಲೊ ಮೆಟ್ಟಿಲ ಹತ್ತಿರ ಸಿಕ್ಕಿ
ಮಗಳು ಈಗ ಏನು ಓದುತ್ತಾಳೆ ಅಂದರು.
ಓದು ಬಿಟ್ಟಳು, ಅಂದೆ.

ರಾತ್ರಿ ವ್ಯಾನಿನಲ್ಲಿ ಮರಳುವಾಗ ಕರೆಂಟು ಹೋಗಿ
ಊರಿಗೆ ಊರೇ ಕಪ್ಪು.
ಗಾಲಿ ಪಂಕ್ಚರು. ಫ್ಲೋರಿಸ್ ಇಳಿದ,
ನಾನು ಟಾರ್ಚು ಹಿಡಿದೆ.
"ಆರಿಸು, ಕಾಣ್ತದೆ" ಅಂದ.
ಕಣ್ಣು ಒಗ್ಗುವ ತನಕ ಸುಮ್ಮನೆ ನಿಂತೆವು.
ಗಾಲಿಯ ಐದು ನಟ್ಟಿನಲ್ಲಿ
ನಾಲ್ಕು ಮಸುಕಾಗಿ ಕಂಡವು.
ಐದನೆಯದನ್ನು ಬೆರಳಲ್ಲಿ ತಡವಿ ಹುಡುಕಿದೆವು.